ಮಂಡಿ ಮಡಚದ ನರ್ಸಮ್ಮ

ಈಶ್ವರಮ್ಮ ಬಿದ್ದದ್ದು ೧೯೮೧ರ ಮಾರ್ಚಿ ತಿಂಗಳ ಒಂದು ಬುಧವಾರ. ನಾನು ಆಗ ತಾವರೆಕೆರೆಯ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ಲಸಿಕೆಯ ಫ್ಲಾಸ್ಕಿಗೆ ಐಸು ತುಂಬಿ, ಮುಚ್ಚಳ ಬಿಗಿದು ಅವರ ಕೈಗೆ ಕೊಟ್ಟವನು ನಾನೇ. ಹನ್ನೊಂದೂವರೆಗೆಲ್ಲ ಆ ಫ್ಲಾಸ್ಕು ನನ್ನ ಮೇಜಿನ ಮೇಲೆ ವಾಪಸು ಬಂತು. ತಂದವನು ಬಂಡೆಹಟ್ಟಿಯ ಕ್ಯಾತಣ್ಣ. ಓಡಿಬಂದಿದ್ದ, ಏದುಸಿರು ಬಿಡುತ್ತಿದ್ದ.

"ನರ್ಸಮ್ಮ ಇದನ್ನ ಮೊದ್ಲು ಕೊಡು, ಆಮೇಲೆ ಡಾಕ್ಟ್ರಿಗೆ ಹೇಳು ಅಂದ್ರು," ಅಂದ. "ಅವ್ರು ಹಿಂದೆ ಗಾಡೀಲಿ ಬತ್ತಾವ್ರೆ. ಮಂಡಿ ಚಿಪ್ಪು ಒಡೆದೋಗೈತೆ."

ಹಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ನೀರಿರುವುದಿಲ್ಲ, ಬರೀ ಗುಂಡುಕಲ್ಲು. ಅಲ್ಲಿ ಇಳಿಯುವಾಗ ಕಾಲು ಜಾರಿತು. ಬೀಳುವವರು ಸಾಮಾನ್ಯವಾಗಿ ಕೈ ಊರುತ್ತಾರೆ. ಈಶ್ವರಮ್ಮ ಎರಡೂ ಕೈಯಲ್ಲಿ ಫ್ಲಾಸ್ಕನ್ನು ಮೇಲಕ್ಕೆತ್ತಿ ಹಿಡಿದುಕೊಂಡರು. ಮೈಭಾರವೆಲ್ಲ ಬಲಮಂಡಿಯ ಮೇಲೆ, ಕಲ್ಲಿನ ಅಂಚಿಗೆ ಬಿತ್ತು.

ಅವರಿಗೆ ಆಗ ಮೂವತ್ತನಾಲ್ಕು ವರ್ಷ. ಊರು ಕೊರಟಗೆರೆ ತಾಲ್ಲೂಕಿನ ಕೊಳಾಲದ ಹತ್ತಿರ. ತಂದೆ ಚಿಕ್ಕನರಸಯ್ಯ ಕೂಲಿನಾಲಿ ಮಾಡಿ ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದರು. ಆಮೇಲೆ ತುಮಕೂರಿನಲ್ಲಿ ಎರಡು ವರ್ಷ ದಾದಿಯ ತರಬೇತಿ. ಅವರ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು. ಗಂಡ ಸಂಜೀವಯ್ಯ ಪಾವಗಡದ ಕಡೆ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಈಶ್ವರಮ್ಮನ ಜೊತೆಗೆ ಇರುತ್ತಿದ್ದವರು ಅವರ ತಾಯಿ ಚಿಕ್ಕಹನುಮಕ್ಕ.

ಏಳು ಹಳ್ಳಿ, ಎರಡು ಹಟ್ಟಿ ಅವರ ಪಾಲಿಗೆ. ಎಲ್ಲಕ್ಕೂ ನಡೆದೇ ಹೋಗಬೇಕು. ಹೆರಿಗೆ ಅಂದರೆ ಆಗ ಮಂಚದ ಮೇಲಿನ ಕೆಲಸವಲ್ಲ, ನೆಲದ ಕೆಲಸ. ಮೂಲೆಯಲ್ಲಿ ಚಾಪೆ ಹಾಸಿರುತ್ತಾರೆ, ಹೆರುವವಳು ಅಲ್ಲಿ, ದಾದಿ ಎದುರಿಗೆ ಕುಕ್ಕರಗಾಲಲ್ಲಿ ಗಂಟೆಗಟ್ಟಲೆ. ಈಶ್ವರಮ್ಮ ಹಾಗೆ ಕೂತರೆ ಮೂರು ಗಂಟೆ ಅಲ್ಲಾಡದೆ ಕೂರಬಲ್ಲವರಾಗಿದ್ದರು.

ಬಂಡೆಹಟ್ಟಿಯದು ಇನ್ನೊಂದು ಥರ. ಅಲ್ಲಿ ಹೆರಿಗೆಯಾಗುವ ಹೆಂಗಸು ಮನೆಯೊಳಗೆ ಇರುವಂತಿಲ್ಲ. ಹಟ್ಟಿಯ ಬೇಲಿಯಾಚೆ ಹುಲ್ಲಿನ ಒಂದು ಪುಟ್ಟ ಗುಡಿಸಲು, ಬಾಗಿಲು ಸೊಂಟದೆತ್ತರ. ಒಳಗೆ ಹೋಗಿ ಅವಳನ್ನು ಮುಟ್ಟಿದವರಿಗೂ ಸೂತಕ. ಅವರೂ ಮಿಂದು, ಕೆಲವು ದಿನ ಹೊರಗೇ ಇದ್ದು, ಆಮೇಲೆ ಹಟ್ಟಿಯೊಳಕ್ಕೆ ಬರಬೇಕು. ಹಾಗಾಗಿ ಯಾರೂ ಒಳಗೆ ಹೋಗುತ್ತಿರಲಿಲ್ಲ. ಕ್ಯಾತಣ್ಣನ ತಾಯಿ ಕೆಂಪಕ್ಕ, ಎಪ್ಪತ್ತರ ಮುದುಕಿ, ಹತ್ತು ಮಾರು ದೂರದಲ್ಲಿ ನಿಂತು "ಈಗ ಮುಕ್ಕು, ಈಗ ಬ್ಯಾಡ" ಎಂದು ಕೂಗಿ ಹೇಳುತ್ತಿದ್ದಳು. ಈಶ್ವರಮ್ಮ ಬಂದ ಮೇಲೆ ಒಳಗೆ ಹೋಗುವವರು ಒಬ್ಬರು ಸಿಕ್ಕಿದ ಹಾಗಾಯಿತು.

"ಹಟ್ಟಿಯೊಳಕ್ಕೆ ನನ್ನ ಕರೆಯಲ್ಲ, ಗುಡಿಸ್ಲಿಗೆ ಬೇಡ ಅನ್ನಲ್ಲ," ಎಂದು ಅವರು ಒಮ್ಮೆ ನನಗೆ ಹೇಳಿದ್ದರು. "ಯಾಕೆ ಅಂತ ನಂಗೂ ಗೊತ್ತು, ಅವರಿಗೂ ಗೊತ್ತು. ಇರಲಿ. ನನ್ನ ಕೆಲಸ ಇರೋದು ಗುಡಿಸ್ಲಲ್ಲೇ ಅಲ್ವ?"

ಅವರು ಬಿದ್ದಾಗ ಹಳ್ಳದ ಆಚೆ ಕ್ಯಾತಣ್ಣ ಕುರಿ ಮೇಯಿಸುತ್ತಿದ್ದ. ಸುತ್ತಿನ ಹತ್ತೂರಿಗೆ ಮೂಳೆ ಕಟ್ಟುವವನು ಅವನೇ. ಕುರಿಗಳ ಕಾಲು ಕಟ್ಟುತ್ತ ಕಲಿತದ್ದನ್ನೇ ಮನುಷ್ಯರಿಗೂ ಮಾಡುತ್ತಿದ್ದ. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರು ದಬ್ಬೆ. ಆಸ್ಪತ್ರೆಗೆ ಹೋಗಿ ಎಂದು ಈಶ್ವರಮ್ಮ ಎಷ್ಟು ಬಾಯಿ ಬಡಿದುಕೊಂಡರೂ ಕೈಕಾಲು ಮುರಿದವರು ಮೊದಲು ಅವನ ಹತ್ತಿರವೇ ಹೋಗುತ್ತಿದ್ದರು. ಆ ವಿಷಯಕ್ಕೆ ಇಬ್ಬರಿಗೂ ಒಂದೆರಡು ಸಲ ಮಾತಿಗೆ ಮಾತು ಬೆಳೆದದ್ದೂ ಉಂಟು.

ಅವತ್ತು ಅವನು ಬಂದು ಮಂಡಿ ಮುಟ್ಟಿ ನೋಡಿದನಂತೆ. ಚಿಪ್ಪು ಎರಡು ಹೋಳಾಗಿ, ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು.

"ಮೂಳೆ ಆಗಿದ್ರೆ ಕಟ್ತಿದ್ದೆ," ಅಂದ. "ಚಿಪ್ಪಿಗೆ ನಾನು ಕೈ ಹಾಕಲ್ಲ ನರ್ಸಮ್ಮ. ಕುರೀದು ಚಿಪ್ಪು ಒಡೆದ್ರೆ ಸಂತೆಗೆ ಹೊಡೀತೀವಿ, ಅಷ್ಟೆ."

"ನನ್ನ ಸಂತೆಗೆ ಹೊಡೀಬೇಡ ಕ್ಯಾತಣ್ಣ. ಆಸ್ಪತ್ರೆಗೆ ಹೊಡಿ," ಅಂದರು ಈಶ್ವರಮ್ಮ.

ಅವನು ಕಾಲು ಮಡಚದ ಹಾಗೆ ಎರಡು ಕೋಲು ಇಟ್ಟು, ತನ್ನ ತಲೆಯ ವಸ್ತ್ರ ಹರಿದು ಕಟ್ಟಿದ. ಹಟ್ಟಿಯಿಂದ ಗಾಡಿ ತರಿಸಿದ.

ಸಿರಾದಲ್ಲಿ ಎಕ್ಸ್‌ರೇ ಆಯಿತು, ಮಾರನೆಯ ದಿನ ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನು. ಎರಡು ಹೋಳನ್ನೂ ಕೂಡಿಸಿ ಸುತ್ತ ಉಕ್ಕಿನ ತಂತಿ ಬಿಗಿದು, ತೊಡೆಯಿಂದ ಹರಡಿನವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. ಆರು ವಾರ ಹಾಗೇ ಇರಬೇಕು. ನಾನು ನೋಡಲು ಹೋದಾಗ ಈಶ್ವರಮ್ಮ ಹಾಸಿಗೆಯ ಮೇಲೆ ಒರಗಿಕೊಂಡು ಪಕ್ಕದ ಬಾಣಂತಿಗೆ ಮಗುವನ್ನು ಎದೆಗೆ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಆ ಹೆಂಗಸು ಜಾಗವಿಲ್ಲದೆ ಮೂಳೆ ವಾರ್ಡಿನಲ್ಲಿ ಮಲಗಿದ್ದವಳು.

ಏಪ್ರಿಲ್ ಕೊನೆಯಲ್ಲಿ ಪಟ್ಟಿ ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿತ್ತು. ಕಾಲು ಮಾತ್ರ ಅವರದಲ್ಲದ ಹಾಗಿತ್ತು. ತೊಡೆ ಸೊರಗಿ ತೋಳಿನಷ್ಟಾಗಿತ್ತು, ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಮಂಡಿ ಮಡಚಿ ನೋಡಿ ಅಂದರೆ ಸ್ವಲ್ಪ ಬಾಗಿ ಅಲ್ಲಿಗೇ ನಿಂತುಬಿಡುತ್ತಿತ್ತು, ತುಕ್ಕು ಹಿಡಿದ ಬಾಗಿಲ ಕೀಲಿನ ಹಾಗೆ. ತುಮಕೂರಿನ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಕಾಲು ನೀಡಿ ತೊಡೆ ಬಿಗಿಹಿಡಿಯುವುದು. ಕಾಲನ್ನು ಮಡಚದೆ ಮೇಲೆತ್ತುವುದು. ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ತೂಗುವುದು. ಆಮೇಲೆ ಹರಡಿಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತುವುದು. ಒಂದೊಂದೂ ಇಪ್ಪತ್ತು ಸಲ, ದಿನಕ್ಕೆ ನಾಲ್ಕು ಹೊತ್ತು.

"ಬಾಣಂತೀರಿಗೆ ದಿನಾ ಹತ್ತು ಸಲ ಮಾಡಿ, ಇಪ್ಪತ್ತು ಸಲ ಮಾಡಿ ಅಂತ ಹೇಳ್ಕೊಂಡು ತಿರುಗ್ತಿದ್ದೆ," ಎಂದರು ಈಶ್ವರಮ್ಮ. "ಇಪ್ಪತ್ತು ಅಂದ್ರೆ ಎಷ್ಟು ಅಂತ ಈಗ ಗೊತ್ತಾಯ್ತು."

ಮರಳಿನ ಚೀಲ ನಾನು ಹೊಲಿಸಿಕೊಟ್ಟೆ. ಕಕ್ಕಸಿಗೆ ಕೂರುವುದು ಅದಕ್ಕಿಂತ ದೊಡ್ಡ ತೊಂದರೆಯಾಗಿತ್ತು. ಕುಕ್ಕರಗಾಲಿಲ್ಲದೆ ನಮ್ಮ ಕಕ್ಕಸಿನಲ್ಲಿ ಏನೂ ನಡೆಯುವುದಿಲ್ಲವಲ್ಲ. ಆಸ್ಪತ್ರೆಯ ಉಗ್ರಾಣದಲ್ಲಿ ಬೆತ್ತ ಕಿತ್ತುಹೋದ ಕುರ್ಚಿಯೊಂದು ಬಿದ್ದಿತ್ತು. ಅದಕ್ಕೆ ನಡುವೆ ತೂತಿರುವ ಹಲಗೆ ಹೊಡೆಸಿ ಅವರ ಮನೆಗೆ ಕಳಿಸಿದೆ. ಮೂರು ದಿನ ನನಗೆ ಮುಖ ತೋರಿಸಲು ನಾಚಿಕೊಂಡರು. ನಾಲ್ಕನೆಯ ದಿನ ಚಿಕ್ಕಹನುಮಕ್ಕನ ಕೈಲಿ ಒಂದು ಬಟ್ಟಲು ಹುಣಸೆ ತೊಕ್ಕು ಕಳಿಸಿದರು.

ಸಂಜೀವಯ್ಯ ಮೇಷ್ಟ್ರು ಒಂದು ಶನಿವಾರ ಬರುವಾಗ ಶಾಲೆಯ ಕಪ್ಪುಹಲಗೆಗೆ ಇಡುವ ಮರದ ಕೋನಮಾಪಕ ತಂದರು. ಅರ್ಧಚಂದ್ರಾಕಾರದ ದೊಡ್ಡ ಹಲಗೆ, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರಂತೆ. ಹೆಂಡತಿಯನ್ನು ಮೇಜಿನ ಮೇಲೆ ಕೂರಿಸಿ, ಮಂಡಿಯ ಪಕ್ಕಕ್ಕೆ ಅದನ್ನು ಹಿಡಿದು, ಕಾಲು ನೆಟ್ಟಗಿದ್ದ ಜಾಗದಿಂದ ಎಷ್ಟು ಮಡಚಿತೆಂದು ಅಳೆದರು. ಮೊದಲ ವಾರ ಇಪ್ಪತ್ತೈದು ಡಿಗ್ರಿ. ಮೇ ಕೊನೆಗೆ ನಲವತ್ತು. ಜೂನ್ ನಡುವಿಗೆ ಐವತ್ತೈದು. ಜೂನ್ ಕೊನೆಗೂ ಐವತ್ತೈದು. ಜುಲೈ ಮೊದಲ ಶನಿವಾರವೂ ಐವತ್ತೈದೇ.

ಅಷ್ಟರಲ್ಲಿ ರಜೆ ಮುಗಿದು ಅವರು ಕೆಲಸಕ್ಕೆ ಬಂದಿದ್ದರು. ಹಗುರ ಕೆಲಸ ಕೊಡಬೇಕು, ಕುಕ್ಕರಗಾಲಲ್ಲಿ ಕೂರಬಾರದು ಎಂದು ತುಮಕೂರಿನ ಚೀಟಿಯಲ್ಲಿ ಬರೆದಿತ್ತು. ನಮ್ಮ ಡಾಕ್ಟರು ಇಂಜೆಕ್ಷನ್ ಕೋಣೆಗೆ ಹಾಕಿದರು. ನಿಂತು ಮಾಡುವ ಕೆಲಸ. ಹಳ್ಳಿಗಳನ್ನು ಪಕ್ಕದ ಭಾಗದ ದಾದಿಗೆ ವಹಿಸಿದರು. ಆಕೆಗೆ ತನ್ನದೇ ಎಂಟು ಹಳ್ಳಿ, ಬಂಡೆಹಟ್ಟಿಯ ಕಡೆ ತಲೆಯೇ ಹಾಕಲಾಗಲಿಲ್ಲ.

ಚಿಕ್ಕಹನುಮಕ್ಕನಿಗೆ ಇದರಿಂದ ಸಮಾಧಾನವೇ ಆಗಿತ್ತು.

"ಬುಡು ತಾಯಿ, ಮಡಚದಿದ್ರೆ ಮಡಚದಂಗೇ ಇರ್ಲಿ," ಅಂದರು ಮಗಳಿಗೆ. "ಒಂದೇ ಕಡೆ ಇದ್ದು ಸಂಬಳ ತಗೊಳ್ಳೋರು ಎಷ್ಟು ಜನ ಇಲ್ಲ? ಬಿಸಿಲಲ್ಲಿ ಕಾಡು ಮೇಡು ಅಲೆಯೋದು ತಪ್ತು."

ಈಶ್ವರಮ್ಮ ಮೇಜಿನ ಅಂಚಿನಲ್ಲಿ ಕೂತು ಕಾಲು ತೂಗುತ್ತಲೇ ಇದ್ದರು. ಇಪ್ಪತ್ತರ ಜಾಗದಲ್ಲಿ ಮೂವತ್ತು, ನಲವತ್ತು. ಮಂಡಿ ಬಿಸಿಯೇರಿ ಊದಿಕೊಂಡಿತು. ಐವತ್ತೈದು ಐವತ್ತೈದೇ.

ಆ ಭಾನುವಾರ ಕ್ಯಾತಣ್ಣನನ್ನು ಕರೆಸಿದವರು ಸಂಜೀವಯ್ಯ. ಹೆಂಡತಿ ಬೇಡ ಅನ್ನಲಿಲ್ಲ. ಆಸ್ಪತ್ರೆ ಕ್ವಾರ್ಟರ್ಸಿಗೆ ಮೂಳೆ ಕಟ್ಟುವವನು ಬರುವುದು, ಅದೂ ಈಶ್ವರಮ್ಮನ ಮನೆಗೆ! ನೋಡಿದವರು ನಗುತ್ತಾರೆ ಎಂದು ನಾನು ಅಂದದ್ದಕ್ಕೆ, "ನಗಲಿ. ನನ್ನ ಕಾಲು ತಾನೆ?" ಅಂದರು. ಅವರು ಸೋತದ್ದು ನಾನು ನೋಡಿದ್ದು ಅವತ್ತೊಂದೇ ದಿನ. ಮುಖ ಬಾಡಿಹೋಗಿತ್ತು.

ಕ್ಯಾತಣ್ಣ ಬಂದ. ಕೈಯಲ್ಲಿ ಎಣ್ಣೆಯ ಬಾಟಲಿ. ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಂಡಿಯ ಸುತ್ತ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

"ಇಲ್ಲೇನೋ ಚುಚ್ತದೆ. ಏನೈತೆ ಒಳಗೆ?"

"ತಂತಿ," ಅಂದರು ಈಶ್ವರಮ್ಮ. "ಎರಡು ಹೋಳು ಸೇರ್ಸಿ ಸುತ್ತಿದಾರೆ."

"ಇನ್ನೂ ಅಂಗೇ ಐತಾ?"

"ಇರುತ್ತೆ. ತೆಗೆದಿಲ್ಲ."

ಕ್ಯಾತಣ್ಣ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಎಣ್ಣೆ ಬಾಟಲಿಯ ಬಿರಟೆ ತೆಗೆಯಲೇ ಇಲ್ಲ.

"ಒಂದೇ ಏಟಿಗೆ ಬಗ್ಗಿಸ್ಬುಡಾನ ಅಂತ ಬಂದಿದ್ದೆ. ತಂತಿ ಐತೆ ಅಂದ್ಮೇಲೆ ಬಗ್ಗಿಸಲ್ಲ ಕಣಮ್ಮ. ನಂಗೊತ್ತಿಲ್ದಿದ್ದು ಅದು. ಕಿತ್ತೋದ್ರೆ?"

ಸಂಜೀವಯ್ಯ ಪೆಚ್ಚಾದರು. "ಹಂಗಾದ್ರೆ ಏನ್ ಮಾಡೋದಪ್ಪ?"

"ದಿನಾ ಏನ್ ಮಾಡ್ತೀರಾ?" ಎಂದು ಅವನು ಈಶ್ವರಮ್ಮನನ್ನೇ ಕೇಳಿದ. ಅವರು ಮೇಜು, ಮರಳಿನ ಚೀಲ ತೋರಿಸಿದರು. ಅವನು ನೋಡಿದ.

"ಕಟ್ಟು ಬಿಚ್ಚಿದ ಕುರೀನ ನಾನು ರೊಪ್ಪದ ಬೇಲಿಯೊಳಗೆ ಬುಡಲ್ಲ. ಮಂದೆ ಜೊತೆ ಬುಡ್ತೀನಿ. ಕುಂಟ್ಕೊಂಡು ಹಿಂದೆ ಬೀಳ್ತದೆ, ಅರಚ್ತದೆ. ಆದ್ರೂ ಹೋಗ್ಬೇಕಲ್ಲ, ಹೊಟ್ಟೆಗೆ ಬೇಕಲ್ಲ. ರೊಪ್ಪದಲ್ಲೇ ಹುಲ್ಲು ಹಾಕ್ದೋ, ಆ ಕಾಲು ಜನ್ಮದಲ್ಲಿ ಬಗ್ಗಲ್ಲ. ನೀವು ರೊಪ್ಪದಲ್ಲಿದ್ದೀರಾ ನರ್ಸಮ್ಮ."

ಹೀಗೆ ಹೇಳಿ ಕಾಫಿ ಕುಡಿದು ಹೋದ.

ಸೋಮವಾರ ಈಶ್ವರಮ್ಮ ಸಿರಾದಿಂದ ತುಮಕೂರಿಗೆ ಬಸ್ಸು ಹತ್ತಿದರು. ನಡೆಯಬಹುದೇ ಎಂದು ಡಾಕ್ಟರನ್ನು ಕೇಳಿದರು. ಎಷ್ಟು ಬೇಕಾದರೂ ನಡೆಯಿರಿ, ಊದಿಕೊಂಡ ದಿನ ಮಾತ್ರ ಕಡಿಮೆ ಮಾಡಿ, ಯಾರ ಕೈಲೂ ಬಲವಂತವಾಗಿ ಮಡಚಿಸಬೇಡಿ, ಮೇಜಿನ ವ್ಯಾಯಾಮ ಬಿಡಬೇಡಿ ಎಂದು ಅವರು ಹೇಳಿದರು. "ಇದನ್ನೇ ನಿಮಗೆ ಏಪ್ರಿಲ್‌ನಲ್ಲೂ ಹೇಳಿದ್ದೆ," ಎಂದೂ ಅಂದರಂತೆ.

ಮಾರನೆಯ ಬೆಳಿಗ್ಗೆಯಿಂದ ನಡಿಗೆ ಶುರುವಾಯಿತು. ಮೊದಲು ಕೆರೆ ಏರಿಯ ತನಕ ಹೋಗಿ ವಾಪಸು. ಕೈಯಲ್ಲಿ ಕೋಲು, ಕಾಲಿಗೆ ಸಂಜೀವಯ್ಯನ ಹಳೆಯ ಕ್ಯಾನ್ವಾಸ್ ಶೂ. ಸೀರೆ ಉಟ್ಟು ಗಂಡಸರ ಶೂ ಹಾಕಿಕೊಂಡ ನರ್ಸಮ್ಮನನ್ನು ನೋಡಿ ಜನ ಎರಡು ದಿನ ನಕ್ಕರು, ಆಮೇಲೆ ರೂಢಿಯಾಯಿತು. ಏರಿ ಹತ್ತುವುದು ಸುಲಭ, ಇಳಿಯುವುದು ಕಷ್ಟ. ಇಳಿಯುವಾಗ ಮಂಡಿ ಮೈಭಾರ ತಡೆಯದೆ ಥಟ್ಟನೆ ಕುಸಿಯುತ್ತಿತ್ತು. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಮುರಿದ ಕಾಲು ಮುಂದೆ ಎಂದು ತುಮಕೂರಿನಲ್ಲಿ ಹೇಳಿಕೊಟ್ಟಿದ್ದರು. ಬಸ್ಸು ಹತ್ತುವಾಗಲೂ ಅದನ್ನು ಬಾಯಲ್ಲಿ ಗೊಣಗಿಕೊಳ್ಳುತ್ತಿದ್ದರು. "ಹತ್ತೋಕೆ ಎಡ, ಇಳಿಯೋಕೆ ಬಲ." ಕಂಡಕ್ಟರ್ ಒಬ್ಬ ಅದನ್ನು ಕೇಳಿಸಿಕೊಂಡು, ಅವರು ಕಂಡ ಕೂಡಲೇ "ಹತ್ತೋಕೆ ಎಡ" ಎಂದು ತಾನೇ ಕೂಗಿ, ಎರಡೂ ಕಾಲು ಮೇಲೆ ಬಂದ ಮೇಲೆ ಸೀಟಿ ಊದುತ್ತಿದ್ದ.

ಆಗಸ್ಟಿನಲ್ಲಿ ಅರವತ್ತೈದು ಡಿಗ್ರಿ. ಸೆಪ್ಟೆಂಬರಿನಲ್ಲಿ ಎಂಬತ್ತು. ಎಂಬತ್ತಾದ ದಿನ ಅವರು ಕುರ್ಚಿಯಲ್ಲಿ ಕಾಲು ಮುಂದಕ್ಕೆ ನೀಡದೆ, ಎಲ್ಲರ ಹಾಗೆ ಕೂತರು. ಚಿಕ್ಕಹನುಮಕ್ಕ ಅದನ್ನು ನೋಡಿ ಒಳಗೆ ಹೋಗಿ ಪಾಯಸಕ್ಕೆ ಇಟ್ಟರು. ಅಕ್ಟೋಬರಿನಲ್ಲಿ ಅವರು ಹತ್ತಿರದ ಎರಡು ಹಳ್ಳಿ ವಾಪಸು ಕೇಳಿ ಪಡೆದರು. ಗರ್ಭಿಣಿಯರನ್ನು ನೋಡುವುದು, ಮಾತ್ರೆ ಕೊಡುವುದು, ಲಸಿಕೆ. ನವೆಂಬರಿನಲ್ಲಿ ಮೂರು ಮೈಲಿ ನಡೆದು ಬಂಡೆಹಟ್ಟಿಗೂ ಒಮ್ಮೆ ಹೋಗಿಬಂದರು. ಹಳ್ಳದಲ್ಲಿ ಇಳಿಯುವಾಗ ಕಲ್ಲಿನ ಮೇಲೆ ಕೂತು ಜಾರಿಕೊಂಡು ಇಳಿದರಂತೆ. ಆದರೆ ಹೆರಿಗೆಗೆ ಹೋಗುತ್ತಿರಲಿಲ್ಲ. ಮಂಡಿ ತೊಂಬತ್ತಕ್ಕೆ ಬಂದಿತ್ತು. ನೆಲಕ್ಕೆ ಅದು ಸಾಲದು.

ಡಿಸೆಂಬರ್ ಮೊದಲ ವಾರ, ಬೆಳಿಗ್ಗೆ ಹತ್ತು ಗಂಟೆಗೆ ಕ್ಯಾತಣ್ಣ ಗಾಡಿ ಹೊಡೆದುಕೊಂಡು ಆಸ್ಪತ್ರೆಗೆ ಬಂದ. ಅವನ ಮಗಳು ಹೊನ್ನಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ಸಂಜೆಯಿಂದ ನೋವು. ಡಾಕ್ಟರು ಜೀಪಿನಲ್ಲಿ ಆಪರೇಷನ್ ಕ್ಯಾಂಪಿಗೆ ಹೋಗಿದ್ದರು, ಪಕ್ಕದ ದಾದಿಯೂ ಅವರ ಜೊತೆ.

"ಇಲ್ಲಿಗೇ ಕರ್ಕೊಂಡು ಬರ್ಬೇಕಾಗಿತ್ತು ಕ್ಯಾತಣ್ಣ," ಅಂದೆ ನಾನು.

"ಗುಡಿಸ್ಲಿಗೆ ಹೋಗ್ಬುಟ್ಟವ್ಳೆ. ಈಗ ಗಾಡಿ ಕುಲುಕಿಗೆ ತಡೆಯಲ್ಲ ಅವ್ಳು. ಅಮ್ಮ ಕೂಗಿ ಕೂಗಿ ಗಂಟ್ಲು ಕಟ್ಟೋಗೈತೆ," ಅಂದ. ಈಶ್ವರಮ್ಮನ ಕಡೆ ನೋಡಲಿಲ್ಲ.

ಈಶ್ವರಮ್ಮ ಇಂಜೆಕ್ಷನ್ ಕೋಣೆಗೆ ಬೀಗ ಹಾಕಿ, ಹೆರಿಗೆಯ ಚೀಲ ತಂದು ನನ್ನ ಕೈಗೆ ಕೊಟ್ಟರು. "ನೀವೂ ಬನ್ನಿ. ಗಾಡಿ ಹತ್ಸೋಕೆ ಇಳಿಸೋಕೆ ಒಬ್ಬರು ಬೇಕು," ಅಂದರು.

ಗುಡಿಸಲ ಹತ್ತಿರ ಹೋದಾಗ ಕೆಂಪಕ್ಕ ತನ್ನ ಹತ್ತು ಮಾರು ದೂರದ ಜಾಗದಲ್ಲಿ ನಿಂತಿದ್ದಳು. ನಾನೂ ಕ್ಯಾತಣ್ಣನೂ ಗಾಡಿಯ ಹತ್ತಿರವೇ ನಿಂತೆವು. ಈಶ್ವರಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ಬಗ್ಗಿ ಕಾಲು ಮಡಚಿ ನುಗ್ಗುವ ಬಾಗಿಲು ಅದು. ಅವರು ಬಾಗಿಲಿಗೆ ಬೆನ್ನು ಹಾಕಿ, ಕೋಲು ಊರಿ ನೆಲಕ್ಕೆ ಕೂತು, ಎರಡು ಅಂಗೈ ನೆಲಕ್ಕೊತ್ತಿ, ಕೂತಲ್ಲೇ ಹಿಂದು ಹಿಂದಕ್ಕೆ ಸರಿದುಕೊಂಡು ಒಳಗೆ ಹೋದರು. ನೀಡಿದ ಬಲಗಾಲು ಕೊನೆಯಲ್ಲಿ ಮರೆಯಾಯಿತು.

ಸ್ವಲ್ಪ ಹೊತ್ತು ಹೊನ್ನಕ್ಕನ ನರಳಾಟ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಈಶ್ವರಮ್ಮನ ದನಿ.

"ಅಜ್ಜಿ, ಒಳಗೆ ಬಾ."

"ಯಾರು, ನಾನಾ?" ಅಂದಳು ಕೆಂಪಕ್ಕ.

"ನೀನೇ. ನಂಗೆ ಕುಕ್ಕರಗಾಲು ಬರಲ್ಲ. ಕಾಲು ನೀಡ್ಕೊಂಡು ಕೂತ್ರೆ ಕೈ ಅಲ್ಲಿಗಂಟ ಎಟುಕಲ್ಲ. ನಾನು ಹೇಳ್ತೀನಿ, ನೀನು ಮಾಡು."

"ಅದೆಂಗಾಯ್ತದೆ ನರ್ಸಮ್ಮ? ಯಾರೂ ಹೋಗಿಲ್ಲ. ಯಾವತ್ತೂ ಹೋಗಿಲ್ಲ."

"ತಲೆ ಕಾಣ್ತಾ ಇದೆ ಅಜ್ಜಿ. ಬೇಗ."

ಕೆಂಪಕ್ಕ ಮಗನ ಕಡೆ ನೋಡಿದಳು. ಕ್ಯಾತಣ್ಣ ಎತ್ತಿನ ಹಗ್ಗ ನೋಡುತ್ತ ನಿಂತಿದ್ದ. ಬೇಲಿಯ ಆಚೆ ಹಟ್ಟಿಯ ಹೆಂಗಸರು ಐದಾರು ಜನ ನೋಡುತ್ತಿದ್ದರು. ಒಳಗಿನಿಂದ ಹೊನ್ನಕ್ಕ "ಅಜ್ಜೀ" ಎಂದು ಕಿರುಚಿದಳು. ಮುದುಕಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಕುಕ್ಕರಗಾಲಲ್ಲೇ ಎರಡು ಹೆಜ್ಜೆ ಇಟ್ಟು ಸರಕ್ಕನೆ ಒಳಗೆ ಹೋದಳು. ಎಪ್ಪತ್ತು ವರ್ಷದ ಮಂಡಿ ಅದು.

"ಬಳೆ ತೆಗಿ. ಸೋಪಲ್ಲಿ ಮೊಣಕೈ ಗಂಟ ತೊಳಿ. ಇನ್ನೊಂದ್ಸಲ ತೊಳಿ." ಆಮೇಲೆ ಮಾತು ಸಣ್ಣದಾಯಿತು, ನಮಗೆ ಕೇಳಿಸಲಿಲ್ಲ. ಒಮ್ಮೆ ಮಾತ್ರ ಈಶ್ವರಮ್ಮ ಗಟ್ಟಿಯಾಗಿ ಅಂದರು. "ಎಳೀಬೇಡ! ಹೊಕ್ಕುಳ ಬಳ್ಳಿ ಕತ್ತಿಗೆ ಸುತ್ಕೊಂಡದೆ. ಬೆರಳು ಒಳಗೆ ತೂರ್ಸು. ಹಾಂ. ಅಂಗೇ ತಲೆ ಮೇಲಿಂದ ದಾಟ್ಸು. ಸರ ತೆಗೀತೀಯಲ್ಲ, ಅಂಗೆ."

ಕ್ಯಾತಣ್ಣ ಎತ್ತಿನ ಕೊರಳು ಹಿಡಿದು ನಿಂತುಬಿಟ್ಟಿದ್ದ. ಆಮೇಲೆ ಮಗು ಅತ್ತಿತು. ಹೆಣ್ಣು.

ಈಶ್ವರಮ್ಮ ಹೋದ ಹಾಗೇ, ಈ ಸಲ ಕಾಲು ಮೊದಲಾಗಿ, ತೆವಳಿಕೊಂಡು ಹೊರಗೆ ಬಂದರು. ಏಳಲು ಆಗಲಿಲ್ಲ. ಮಂಡಿ ಊದಿ ಕುಂಬಳಕಾಯಿಯಾಗಿತ್ತು. ನಾನು ಹೋಗಿ ಕಂಕುಳಿಗೆ ಕೈ ಕೊಟ್ಟೆ. ಇನ್ನೊಂದು ಕಡೆ ಕೈ ಕೊಟ್ಟವಳು ಕೆಂಪಕ್ಕ. ಅವಳಿಗೆ ಹೇಗೂ ಸೂತಕವಾಗಿತ್ತು.

"ಭಯ ಆಯ್ತಾ ಅಜ್ಜಿ?" ಎಂದು ಈಶ್ವರಮ್ಮ ಕೇಳಿದರು.

"ಭಯ ಏನಿಲ್ಲ ಬುಡು," ಅಂದಳು ಮುದುಕಿ. ನರ್ಸಮ್ಮನ ಕೋಲು ಎತ್ತಿಕೊಟ್ಟು, "ನಾನು ಏಳು ಹೆತ್ತೆ ಇಂಥ ಗುಡಿಸ್ಲಲ್ಲಿ. ಮೂರು ಉಳುದ್ವು. ನಂಗೆ ಯಾರೂ ಬಂದಿರ್ಲಿಲ್ಲ ಕಣವ್ವ," ಅಂದಳು.

ಆ ಹೆರಿಗೆಯಿಂದ ಮಂಡಿ ಇಪ್ಪತ್ತು ಡಿಗ್ರಿ ಹಿಂದಕ್ಕೆ ಹೋಯಿತು. ಶನಿವಾರ ಮೇಷ್ಟ್ರು ಅಳೆದಾಗ ಎಪ್ಪತ್ತು. ಅವರಿಗೆ ಸಿಟ್ಟು ಬಂತು, ಹೆಂಡತಿಯನ್ನು ಬೈದರು. ಈಶ್ವರಮ್ಮ ಬೈಸಿಕೊಂಡು, ಬಿಸಿನೀರಿನ ಬಟ್ಟೆ ಇಟ್ಟುಕೊಂಡು, ಮತ್ತೆ ಮೇಜಿನ ಅಂಚಿಗೆ ಕೂತರು. ಜನವರಿಯಲ್ಲಿ ತುಮಕೂರಿನ ಡಾಕ್ಟರು ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಡೆಯಬಹುದು, ಗುಡ್ಡ ಹತ್ತಬಹುದು, ಭಾರ ಹೊರಬಹುದು. ಇನ್ನೂ ಹದಿನೈದು ಇಪ್ಪತ್ತು ಡಿಗ್ರಿ ಬಂದರೂ ಬಂದೀತು. ಕುಕ್ಕರಗಾಲು ಮಾತ್ರ ಬರುವುದಿಲ್ಲ, ಅದಕ್ಕೆ ಕಾಯುತ್ತ ಕೂರಬೇಡಿ.

ಈಶ್ವರಮ್ಮ ಅದನ್ನು ಕೇಳಿ ಬಸ್ಸಿನಲ್ಲಿ ಕೂತು ಅತ್ತರು ಎಂದು ಬಹಳ ವರ್ಷದ ಮೇಲೆ ನನಗೆ ಹೇಳಿದರು. ಸಿರಾ ಬರುವ ಹೊತ್ತಿಗೆ ಅಳು ಮುಗಿದಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಬಡಗಿಯ ಹತ್ತಿರ ಹೋಗಿ ಗೇಣೆತ್ತರದ ಒಂದು ಸ್ಟೂಲು ಮಾಡಲು ಹೇಳಿ, ತಾವೇ ಒಂದು ಕಟ್ಟಿಗೆಯ ತುಂಡಿನ ಮೇಲೆ ಕೂತು ಎತ್ತರ ತೋರಿಸಿದರು. "ಬಚ್ಚೋಂಕಾ ಸ್ಟೂಲ್ ಹೈ ಕ್ಯಾ ಅಮ್ಮ?" ಎಂದು ಬಡಗಿ ಕೇಳಿದನಂತೆ. ಮಕ್ಕಳದ್ದೇ ಎಂದು ಇವರು ಹೇಳಿದರು. ಸ್ಟೂಲಿನ ಮೇಲೆ ಎಡಗಾಲು ಮಡಚಿ ಬಲಗಾಲು ಪಕ್ಕಕ್ಕೆ ಚಾಚಿ ಕೂತರೆ ಕೈ ಎಟುಕುತ್ತಿತ್ತು. ಹಾಗೆ ಕೂರುವುದನ್ನು ಮನೆಯಲ್ಲಿ ಎರಡು ವಾರ ಅಭ್ಯಾಸ ಮಾಡಿದರು. ಎದುರಿಗೆ ದಿಂಬು ಇಟ್ಟುಕೊಂಡು, ತಾಯಿಯನ್ನು ಮಲಗಿಸಿಕೊಂಡು. ಚಿಕ್ಕಹನುಮಕ್ಕ ನಗು ತಡೆಯಲಾರದೆ ಎದ್ದು ಓಡಿಹೋದರು.

ಫೆಬ್ರವರಿಯಿಂದ ಹೆರಿಗೆಗಳಿಗೆ ಹೋಗತೊಡಗಿದರು. ಏಳು ಹಳ್ಳಿಯೂ, ಎರಡು ಹಟ್ಟಿಯೂ ವಾಪಸು ಬಂದವು. ಆ ವರ್ಷ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ಒಂದು ತಿಂಗಳ ತರಬೇತಿ ನಡೆದಾಗ ಬಂಡೆಹಟ್ಟಿಯಿಂದ ಕೆಂಪಕ್ಕನ ಹೆಸರು ಬರೆಸಿದವರು ಈಶ್ವರಮ್ಮನೇ. ಹಟ್ಟಿಯ ಹಿರಿಯರು ಮೊದಲು ಒಪ್ಪಲಿಲ್ಲ. ಸೂತಕ ಕಳೆಯುವ ನೀರು ಎಲ್ಲರ ಮನೆಯಲ್ಲೂ ಐತೆ, ಸತ್ತ ಮಗು ಎದ್ದು ಬರೋ ನೀರು ಎಲ್ಲೈತೆ ಎಂದು ಮುದುಕಿ ಕೇಳಿದಳು ಎಂದು ಕ್ಯಾತಣ್ಣ ಹೇಳಿದ. ಒಪ್ಪಿದರೋ ಸುಮ್ಮನಾದರೋ, ಅವಳು ಬಂದಳು. ಬ್ಲೇಡು, ದಾರ, ಸೋಪು ಇದ್ದ ತಗಡಿನ ಪೆಟ್ಟಿಗೆ ತೆಗೆದುಕೊಂಡು ಹೋದಳು. ಗುಡಿಸಲು ಹೋಗಲಿಲ್ಲ. ಅದು ಬೇಲಿಯಾಚೆ ಹಾಗೇ ಇತ್ತು, ಪ್ರತಿ ಹೆರಿಗೆಯಾದ ಮೇಲೂ ಕೆಂಪಕ್ಕ ದಿನ ಎಣಿಸಿಕೊಂಡು ಹೊರಗೆ ಇರುತ್ತಿದ್ದಳು. ಒಳಗೆ ಇಬ್ಬರು ಇರುತ್ತಿದ್ದರು, ಅಷ್ಟೇ ವ್ಯತ್ಯಾಸ. ೧೯೮೫ರ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಅಷ್ಟರಲ್ಲಿ ಹೊನ್ನಕ್ಕನ ಚಿಕ್ಕಮ್ಮ ಒಬ್ಬಳು ಆ ಪೆಟ್ಟಿಗೆ ತೆಗೆದುಕೊಂಡಿದ್ದಳು.

ಕ್ಯಾತಣ್ಣ ಮೂಳೆ ಕಟ್ಟುವುದನ್ನು ಬಿಡಲಿಲ್ಲ. ಕೈಗೆ ದಬ್ಬೆ ಕಟ್ಟುತ್ತಿದ್ದ, ತೊಡೆ, ಮಂಡಿ ಆದರೆ ಗಾಡಿ ಕಟ್ಟಿ ನಮ್ಮಲ್ಲಿಗೆ ಕಳಿಸುತ್ತಿದ್ದ.

ಮಂಡಿ ಕೊನೆಗೆ ನೂರಾಹದಿನೈದಕ್ಕೆ ನಿಂತಿತು. ಅಳೆಯುವುದನ್ನು ಮೇಷ್ಟ್ರು ೮೨ರ ದಸರೆಗೆ ಬಿಟ್ಟರು. ತಂತಿ ತೆಗೆಸಿಕೊಳ್ಳಿ ಎಂದು ಡಾಕ್ಟರು ಎರಡು ಸಲ ಕಾಗದ ಬರೆದರೂ ಈಶ್ವರಮ್ಮ ಹೋಗಲಿಲ್ಲ. ಇನ್ನೊಂದು ಸಲ ಆರು ವಾರ ಮಲಗಲು ನನಗೆ ಬಿಡುವಿಲ್ಲ ಅಂದರು. ಅಷ್ಟು ದಿನ ಮಲಗಬೇಕಿಲ್ಲ ಎಂದು ನಾನು ಹೇಳಿದರೂ ಕೇಳಲಿಲ್ಲ. ಚಳಿಗಾಲದ ಬೆಳಿಗ್ಗೆ ಮಂಡಿ ಹಿಡಿದುಕೊಳ್ಳುತ್ತಿತ್ತು, ಅರ್ಧ ಮೈಲಿ ನಡೆದ ಮೇಲೆ ಬಿಡುತ್ತಿತ್ತು.

೧೯೮೬ರಲ್ಲಿ ಅವರಿಗೆ ಮಿಡಿಗೇಶಿಯ ಕಡೆಗೆ ವರ್ಗವಾಯಿತು. ಮೇಷ್ಟ್ರಿಗೆ ಅದು ಹತ್ತಿರ. ಒಮ್ಮೆ ಮಧುಗಿರಿಯಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದರು. ತಲೆ ಅಲ್ಲಲ್ಲಿ ನೆರೆತಿತ್ತು, ನಡಿಗೆಯಲ್ಲಿ ಕುಂಟು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಊಟಕ್ಕೆ ನೆಲದ ಮೇಲೆ ಪಂಕ್ತಿ. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಈಶ್ವರಮ್ಮ ಸಾಲಿನ ಕೊನೆಯ ಎಲೆಗೆ ಹೋಗಿ, ಗೋಡೆ ಹಿಡಿದು ಕೂತು, ಬಲಗಾಲನ್ನು ಗೋಡೆಯ ಉದ್ದಕ್ಕೆ ನೀಡಿಕೊಂಡರು, ಬಡಿಸುವವರಿಗೆ ಅಡ್ಡವಾಗದ ಹಾಗೆ. ಪಕ್ಕದ ಎಲೆಗೆ ನಾನು ಕೂತೆ.

"ಕೊನೇಲಿ ಕೂತ್ರೆ ಒಂದು ನಷ್ಟ ಕಾಂಪೌಂಡರಣ್ಣ," ಅಂದರು. "ಹೋಳಿಗೆ ಇಲ್ಲಿಗೆ ಬರೋ ಹೊತ್ಗೆ ಖಾಲಿಯಾಗಿರುತ್ತೆ."

ಅವತ್ತು ಖಾಲಿಯಾಗಿರಲಿಲ್ಲ. ಎರಡು ಹಾಕಿಸಿಕೊಂಡರು.